ಟಿಪ್ ದ ಸ್ಕೇಲ್ಸ್: ತಕ್ಕಡಿ ವಾಲೋದು ಯಾವಾಗ?

[ತೆರೆಯಲ್ಲಿ: 40,752 – 40,751]

ಎಲ್ಲರಿಗೂ ನಮಸ್ಕಾರ. ಈ ಎರಡು ಅಂಕಿ ನೋಡಿ. 2004ರ ವಿಧಾನಸಭಾ ಚುನಾವಣೆ, ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರ. ಆರ್. ಧ್ರುವನಾರಾಯಣ ಗೆದ್ದರು, ಎ.ಆರ್. ಕೃಷ್ಣಮೂರ್ತಿ ಸೋತರು. ಅಂತರ ಒಂದೇ ಒಂದು ಮತ!

ಇಂಗ್ಲಿಷ್‌ನಲ್ಲಿ ಇದನ್ನು ಹೇಳೋದು ಹೀಗೆ: ‘ಒನ್ ವೋಟ್ ಟಿಪ್ಡ್ ದ ಸ್ಕೇಲ್ಸ್’. ಎರಡು ತಟ್ಟೆ ಸಮಸಮ ನಿಂತಿವೆ. ಒಂದು ಕಾಳು ಬಿದ್ದರೂ ಸಾಕು, ತಕ್ಕಡಿ ಆ ಕಡೆ ವಾಲುತ್ತದೆ.

[ತೆರೆಯಲ್ಲಿ: ಇನ್ ಹರ್ ಫೇವರ್]

ದಿನನಿತ್ಯ ಎಲ್ಲಿ ಬಳಸಬಹುದು? ಬ್ಯಾಂಕ್ ಕೌಂಟರ್ ಕೆಲಸಕ್ಕೆ ಇಬ್ಬರು ಬಂದಿದ್ದಾರೆ. ಓದು ಒಂದೇ, ಅನುಭವವೂ ಹೆಚ್ಚುಕಮ್ಮಿ ಒಂದೇ. ಒಬ್ಬಳಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಕೆಲಸ ಅವಳಿಗೇ ಸಿಕ್ಕಿತು. ‘ಹರ್ ಕನ್ನಡ ಟಿಪ್ಡ್ ದ ಸ್ಕೇಲ್ಸ್ ಇನ್ ಹರ್ ಫೇವರ್.’ ಬೆಂಗಳೂರಲ್ಲಿ ಎರಡು ಮನೆ ನೋಡಿದಿರಿ, ಬಾಡಿಗೆ ಒಂದೇ. ಒಂದಕ್ಕೆ ಕಾವೇರಿ ನೀರಿದೆ, ಇನ್ನೊಂದಕ್ಕೆ ಬರೀ ಬೋರ್‌ವೆಲ್. ಅಲ್ಲೂ ಇದೇ ಮಾತು ಸರಿಹೊಂದುತ್ತದೆ.

ಆದರೆ ಸಿಕ್ಕಸಿಕ್ಕಲ್ಲಿ ಬಳಸಬೇಡಿ. ಒಬ್ಬನಿಗೆ 90 ಅಂಕ, ಇನ್ನೊಬ್ಬನಿಗೆ 40 ಬಂದಿದ್ದರೆ ಫಲಿತಾಂಶ ಮೊದಲೇ ಗೊತ್ತಾಗಿದೆ, ಅಲ್ವಾ? ಅಲ್ಲಿ ವಾಲಿಸೋಕೆ ಏನೂ ಇಲ್ಲ. ಸ್ಪರ್ಧೆ ಬಿಗಿಯಾಗಿದ್ದರೆ ಮಾತ್ರ ಈ ನುಡಿಗಟ್ಟಿಗೆ ಬೆಲೆ.

[ತೆರೆಯಲ್ಲಿ: ಕುಸ್ತಿ ಅಖಾಡ]

ಇದಕ್ಕೆ ಇನ್ನೊಂದು ಅರ್ಥವೂ ಇದೆ. ಕ್ರೀಡಾ ಪುಟಗಳಲ್ಲಿ ಜಾಸ್ತಿ ಕಾಣುತ್ತದೆ: ‘ಟಿಪ್ಸ್ ದ ಸ್ಕೇಲ್ಸ್ ಅಟ್’. ಮುಂದೆ ಒಂದು ಅಂಕಿ ಬರುತ್ತದೆ. ಅಂದರೆ ಅಷ್ಟು ತೂಗುತ್ತಾರೆ ಎಂದರ್ಥ.

2024ರ ಪ್ಯಾರಿಸ್ ಒಲಿಂಪಿಕ್ಸ್ ನೆನಪಿದೆಯಾ? 50 ಕೆಜಿ ವಿಭಾಗದಲ್ಲಿ ವಿನೇಶ್ ಫೋಗಟ್ ಫೈನಲ್ ತಲುಪಿದ್ದರು. ರಾತ್ರಿಯಿಡೀ ಬೆವರು ಹರಿಸಿದರು, ಕೂದಲನ್ನೂ ಕತ್ತರಿಸಿಕೊಂಡರು. ಆದರೂ ಬೆಳಗ್ಗೆ 100 ಗ್ರಾಂ ಜಾಸ್ತಿ! ‘ಶಿ ಟಿಪ್ಡ್ ದ ಸ್ಕೇಲ್ಸ್ ಅಟ್ 50.1 ಕೆಜಿ’, ಇಲ್ಲಿ ಹೇಳಿದ್ದು ತೂಕ. ‘ಎ ಹಂಡ್ರೆಡ್ ಗ್ರಾಮ್ಸ್ ಟಿಪ್ಡ್ ದ ಸ್ಕೇಲ್ಸ್ ಅಗೇನ್ಸ್ಟ್ ಹರ್’, ಇಲ್ಲಿ ಹೇಳಿದ್ದು ಅವರ ಕೈತಪ್ಪಿದ ಪದಕ. ಬೆಳ್ಳಿಯೂ ಸಿಗಲಿಲ್ಲ. ಈಗಲೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಕೊನೆಯದಾಗಿ, ‘ಸ್ಕೇಲ್ಸ್’ ಬದಲು ‘ಟಿಪ್ ದ ಬ್ಯಾಲೆನ್ಸ್’ ಎಂದೂ ಕೇಳಿರುತ್ತೀರಿ. ಸೋಲು-ಗೆಲುವಿನ ಮಾತಿಗೆ ಧಾರಾಳವಾಗಿ ಬಳಸಿ. ತೂಕ ಹೇಳುವಾಗ ಮಾತ್ರ ‘ಸ್ಕೇಲ್ಸ್’ ಬಿಡಬೇಡಿ.