ಆಮ್ಲದಲ್ಲಿ ಟೈಟಾನಿಯಂ: ಚಿಟಿಕೆ ಪಲ್ಲಾಡಿಯಂನ ಕೆಲಸ

ಕೇಳುಗರೆಲ್ಲರಿಗೂ ನಮಸ್ಕಾರ. ಟೈಟಾನಿಯಂ ಎಂದರೆ ತುಕ್ಕು ಹಿಡಿಯದ ಲೋಹ ಎಂದು ನೀವು ಕೇಳಿರುತ್ತೀರಿ. ಸಮುದ್ರದ ನೀರಿನಲ್ಲಿ ಅದು ನಿಜ, ನೈಟ್ರಿಕ್ ಆಮ್ಲದಲ್ಲಿಯೂ ನಿಜ. ಆದರೆ ಬಿಸಿಯಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಶುದ್ಧ ಟೈಟಾನಿಯಂ ಕರಗಿಹೋಗುತ್ತದೆ. ಈ ಲೋಹವನ್ನು ಕಾಯುವುದು ಅದರ ಮೈಮೇಲೆ ತಾನಾಗಿ ಕಟ್ಟಿಕೊಳ್ಳುವ ತೀರ ತೆಳುವಾದ ಆಕ್ಸೈಡ್ ಪೊರೆ. ಆ ಪೊರೆ ಹೋದರೆ ಲೋಹವೂ ಹೋದಂತೆಯೇ.

ವಿದ್ಯಾರ್ಥಿಗಳಿಗೆ ನಾನು ಒಂದು ಪ್ರಯೋಗವನ್ನು ತಪ್ಪದೆ ತೋರಿಸುತ್ತೇನೆ. ಬಿಸಿ ಮಾಡಿದ, ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಟೈಟಾನಿಯಂ ಪಟ್ಟಿಯೊಂದನ್ನು ಇಳಿಬಿಟ್ಟರೆ, ಮೊದಲು ಏನೂ ಆಗುವುದಿಲ್ಲ. ಪೊರೆ ಕರಗಿದ ಮೇಲೆ ಪಟ್ಟಿಯ ಮೈತುಂಬ ಹೈಡ್ರೋಜನ್ ಗುಳ್ಳೆಗಳು ಏಳುತ್ತವೆ, ಆಮ್ಲ ನಿಧಾನವಾಗಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಈಗ ಇದಕ್ಕೆ ಪ್ಲಾಟಿನಂ ಹಾಳೆಯನ್ನು ತಾಗಿಸಿದರೆ ಏನಾದೀತು ಎಂದು ಕೇಳುತ್ತೇನೆ. ಇನ್ನೂ ಬೇಗ ಕರಗುತ್ತದೆ ಎಂಬ ಉತ್ತರ ಥಟ್ಟನೆ ಬರುತ್ತದೆ, ಏಕೆಂದರೆ ಸತುವಿನ ವಿಷಯದಲ್ಲಿ ಅವರು ಓದಿರುವುದೇ ಹಾಗೆ. ನಾನು ಹಾಳೆಯನ್ನು ತಾಗಿಸುತ್ತೇನೆ. ಗುಳ್ಳೆಗಳು ಪ್ಲಾಟಿನಂ ಕಡೆಗೆ ಹಾರಿ, ಒಮ್ಮೆ ಬುಸುಗುಟ್ಟಿ, ಕ್ರಮೇಣ ಅಲ್ಲಿಯೂ ಅಡಗುತ್ತವೆ. ಟೈಟಾನಿಯಂ ಪಟ್ಟಿ ಸುಮ್ಮನಾಗಿಬಿಡುತ್ತದೆ. ಈ ನೋಟ ನನಗೆ ಇಂದಿಗೂ ಬೇಸರ ತರಿಸಿಲ್ಲ.

ಕಾರಣ ಇಷ್ಟೇ. ಪ್ಲಾಟಿನಂ, ಪಲ್ಲಾಡಿಯಂನಂತಹ ಲೋಹಗಳ ಮೇಲೆ ಹೈಡ್ರೋಜನ್ ಬಹಳ ಸುಲಭವಾಗಿ ಬಿಡುಗಡೆಯಾಗುತ್ತದೆ. ಹಾಗೆ ಬಿಡುಗಡೆಯಾಗುವಾಗ ಟೈಟಾನಿಯಂನಿಂದ ಎಲೆಕ್ಟ್ರಾನ್‌ಗಳು ಸೆಳೆಯಲ್ಪಡುವುದರಿಂದ, ಟೈಟಾನಿಯಂನ ವಿದ್ಯುತ್ ವಿಭವವು, ಅಂದರೆ ವೋಲ್ಟೇಜ್, ಪೊರೆ ಮತ್ತೆ ಕಟ್ಟುವ ಮಟ್ಟಕ್ಕೆ ಏರುತ್ತದೆ. ಹಾಳೆಯನ್ನು ಹೊರಗಿನಿಂದ ತಾಗಿಸುವ ಬದಲು ಪಲ್ಲಾಡಿಯಂ ಅನ್ನು ಲೋಹದೊಳಗೇ ಬೆರೆಸಿದರೂ ಇದೇ ಫಲ ಸಿಗುತ್ತದೆ ಎಂದು ಸ್ಟರ್ನ್ ಮತ್ತು ವಿಸೆನ್‌ಬರ್ಗ್ ಎಂಬ ಸಂಶೋಧಕರು 1959ರಲ್ಲಿ ಪ್ರಕಟಿಸಿದರು. ನೂರು ಕಿಲೋ ಟೈಟಾನಿಯಂಗೆ ಇನ್ನೂರು ಗ್ರಾಂನಷ್ಟು ಪಲ್ಲಾಡಿಯಂ ಸಾಕು. ಆರಂಭದಲ್ಲಿ ಮೇಲ್ಮೈಯ ಟೈಟಾನಿಯಂ ತುಸು ಕರಗಿದಾಗ ಪಲ್ಲಾಡಿಯಂ ಕರಗದೆ ಅಲ್ಲಿಯೇ ಶೇಖರವಾಗುತ್ತದೆ, ಬೇಕಾದದ್ದು ಬೇಕಾದ ಜಾಗದಲ್ಲಿಯೇ ಸೇರುತ್ತದೆ. ಹಾಗಾದರೆ ಇನ್ನಷ್ಟು ಸುರಿದರಾಗದೇ ಎಂದು ಪ್ರತಿ ಸಲವೂ ಯಾರಾದರೊಬ್ಬರು ಕೇಳುತ್ತಾರೆ. ದಯವಿಟ್ಟು ಗಮನಿಸಿ: ಪಲ್ಲಾಡಿಯಂ ಇಲ್ಲಿ ಗೋಡೆಯಲ್ಲ, ಟೈಟಾನಿಯಂ ತನ್ನ ಪೊರೆಯನ್ನು ತಾನೇ ಕಟ್ಟಿಕೊಳ್ಳುವಂತೆ ಮಾಡುವುದಷ್ಟೇ ಅದರ ಕೆಲಸ, ಅದಕ್ಕೆ ಚಿಟಿಕೆಯೇ ಸಾಕು.

ಸಮಯ ಸರಿಯುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ರುಥೇನಿಯಂ ಕೂಡ ಇದೇ ಕೆಲಸವನ್ನು ಸುಮಾರು ಶೇಕಡಾ 0.1ರ ಪ್ರಮಾಣದಲ್ಲಿ ಮಾಡುತ್ತದೆ. ಶೇಕಡಾ 0.3 ಮಾಲಿಬ್ಡಿನಂ, 0.8 ನಿಕಲ್ ಬೆರೆಸಿದ ಅಗ್ಗದ ಮಿಶ್ರಲೋಹವೂ ಉಂಟು, ಆದರೆ ಅದು ಪಲ್ಲಾಡಿಯಂನಷ್ಟು ತಾಳುವುದಿಲ್ಲ. ಹೈಡ್ರೋಫ್ಲೋರಿಕ್ ಆಮ್ಲವಂತೂ ಪೊರೆಯನ್ನೇ ತಿಂದುಹಾಕುವುದರಿಂದ, ಅಲ್ಲಿ ಇವುಗಳಲ್ಲಿ ಯಾವುದನ್ನೂ ನಂಬಬೇಡಿ.