ನೀರುಗಂಟಿ ಗ್ರೂಪಿನಲ್ಲಿದ್ದಾರಾ?

(ಪಂಚಾಯಿತಿ ಮತ್ತು ಪುರಸಭೆ ಸಿಬ್ಬಂದಿಯ ತರಬೇತಿಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಉಪನ್ಯಾಸ ಇದು. ಸಾಮಾಜಿಕ ಜಾಲತಾಣದಲ್ಲಿ ನಮ್ಮ ಕಚೇರಿಗಳು ಜನರ ಜೊತೆ ಹೇಗೆ ಮಾತಾಡಬೇಕು ಎಂಬುದು ವಿಷಯ. ಕಣ್ಣು ಎಳೆದರೆ ಎಳೆಯಲಿ, ನನಗೇನೂ ಬೇಜಾರಿಲ್ಲ.

ನಾನು ಚಿಕ್ಕವನಿದ್ದಾಗ ನಮ್ಮೂರಿಗೆ ಸರ್ಕಾರದ ಸುದ್ದಿ ತಮಟೆಯ ಜೊತೆ ಬರುತ್ತಿತ್ತು. ತಳವಾರ ಡಂಗುರ ಸಾರಿ ಮುಂದಿನ ಬೀದಿಗೆ ಹೋಗಿಬಿಡುತ್ತಿದ್ದ. ಯಾರಾದರೂ "ಯಾವತ್ತು ಅಂದೆ?" ಎಂದು ಕೂಗಿದರೆ ಆ ಸದ್ದಿನಲ್ಲಿ ಅವನಿಗೆ ಕೇಳಿಸುತ್ತಲೇ ಇರಲಿಲ್ಲ. ಈಗ ಎಷ್ಟೋ ಕಚೇರಿಗಳ ಫೇಸ್‌ಬುಕ್ ಪುಟ ನೋಡಿದಾಗ ನನಗೆ ಅವನೇ ನೆನಪಾಗುತ್ತಾನೆ. ಉದ್ಘಾಟನೆಯ ಫೋಟೊ, ಜಯಂತಿಯ ಶುಭಾಶಯ, ಹಾರ ತುರಾಯಿ. ಕೆಳಗೆ ಒಬ್ಬರು "ಸಾರ್, ನಮ್ಮ ಬೀದಿಗೆ ಎಂಟು ದಿನದಿಂದ ನೀರಿಲ್ಲ" ಎಂದು ಬರೆದಿರುತ್ತಾರೆ. ಅದರ ಕೆಳಗೆ ಇನ್ನೊಬ್ಬರು, "ನಮಗೆ ಹತ್ತು ದಿನ." ಅವರವರೇ ಮಾತಾಡಿಕೊಳ್ಳಬೇಕು.

ಹೀಗೇ ಆಗಬೇಕೆಂದೇನಿಲ್ಲ. ಸುಷ್ಮಾ ಸ್ವರಾಜ್ ಅವರನ್ನು ನೆನಪಿಸಿಕೊಳ್ಳಿ. 1999ರಲ್ಲಿ ಬಳ್ಳಾರಿಗೆ ಬಂದು ಚುನಾವಣೆಗೆ ನಿಂತು, ಕನ್ನಡ ಕಲಿತು ಭಾಷಣ ಮಾಡಿದವರು. 2014ರಿಂದ 2019ರವರೆಗೆ ವಿದೇಶಾಂಗ ಸಚಿವರಾಗಿದ್ದಾಗ ಟ್ವಿಟರ್ ಅನ್ನು (ಈಗ ಅದರ ಹೆಸರು ಎಕ್ಸ್) ಸಹಾಯವಾಣಿ ಮಾಡಿಕೊಂಡರು. ಪಾಸ್‌ಪೋರ್ಟ್ ಕಳೆದುಕೊಂಡವರು, ಗಲ್ಫ್‌ನಲ್ಲಿ ಸಂಬಳ ಸಿಗದೆ ಸಿಕ್ಕಿಕೊಂಡವರು, ಎಲ್ಲರೂ ನೇರ ಅವರಿಗೇ ಬರೆಯುತ್ತಿದ್ದರು. ಮಂಗಳ ಗ್ರಹದಲ್ಲಿ ಸಿಕ್ಕಿಹಾಕಿಕೊಂಡರೂ ನಮ್ಮ ರಾಯಭಾರ ಕಚೇರಿ ನೆರವಿಗೆ ಬರುತ್ತದೆ ಎಂದು 2017ರಲ್ಲಿ ತಮಾಷೆ ಮಾಡಿದ್ದು ಎಲ್ಲರಿಗೂ ಗೊತ್ತು. ನನಗೆ ಜಾಸ್ತಿ ಇಷ್ಟವಾದದ್ದು ಅದಕ್ಕಿಂತ ಒಂದು ವರ್ಷ ಹಿಂದಿನದು. ಒಬ್ಬರು ಕೆಟ್ಟ ಫ್ರಿಜ್ ಬಗ್ಗೆ ದೂರು ಕೊಟ್ಟರು. ಕಷ್ಟದಲ್ಲಿರುವ ಮನುಷ್ಯರ ಕೆಲಸವೇ ನನಗೆ ಸಾಕಷ್ಟಿದೆ, ಫ್ರಿಜ್ ವಿಷಯದಲ್ಲಿ ಏನೂ ಮಾಡಲಾರೆ ಎಂದು ಅವರು ಉತ್ತರಿಸಿದರು. ಆಗಲ್ಲ ಅನ್ನುವುದೂ ಉತ್ತರವೇ. ನಮ್ಮವರಿಗೆ ಅದು ಹೇಳೋಕೆ ಬರಲ್ಲ. "ನಿಮ್ಮ ಮನವಿಯನ್ನು ಸಂಬಂಧಪಟ್ಟವರಿಗೆ ರವಾನಿಸಲಾಗಿದೆ" ಎಂದು ಬರೆದು ಕೈ ತೊಳೆದುಕೊಳ್ಳುತ್ತೇವೆ.

ಆದರೆ ಸಚಿವರ ಒಳ್ಳೆಯತನವೊಂದರಿಂದಲೇ ಅದೆಲ್ಲ ನಡೆಯಲಿಲ್ಲ. ಹಿಂದೆ ಯಂತ್ರ ಓಡುತ್ತಿತ್ತು. 2015ರಲ್ಲೇ ವಿದೇಶದಲ್ಲಿರುವವರ ದೂರುಗಳಿಗೆಂದು 'ಮದದ್' ಜಾಲತಾಣ ಶುರುವಾಗಿತ್ತು. 2016ರಲ್ಲಿ 'ಟ್ವಿಟರ್ ಸೇವಾ' ಬಂತು. ಬಂದ ಟ್ವೀಟನ್ನು ದೂರು ಎಂದು ದಾಖಲಿಸಿ, ಸರಿಯಾದ ಅಧಿಕಾರಿಗೆ ಕಳಿಸಿ, ಎಲ್ಲಿ ನಿಂತಿದೆ ಎಂದು ನೋಡುವ ವ್ಯವಸ್ಥೆ ಅದು. ರೈಲ್ವೆ ಅದನ್ನು ಬಳಸಿತು, ನಮ್ಮ ಬೆಂಗಳೂರು ಪೊಲೀಸರೂ ಬಳಸಿದರು. ಬೆಂಗಳೂರಲ್ಲಿ ಅದಕ್ಕೂ ಮೊದಲೇ, ಎಂ. ಎನ್. ರೆಡ್ಡಿ ಕಮಿಷನರ್ ಆಗಿದ್ದಾಗ, ಜನ ಟ್ವಿಟರ್‌ನಲ್ಲಿ ಪೊಲೀಸರನ್ನು ಮಾತಾಡಿಸುವುದು ರೂಢಿಯಾಗಿತ್ತು. ಆಮೇಲೆ ಪೊಲೀಸರ ಮೀಮ್‌ಗಳೂ ಹೆಸರು ಮಾಡಿದವು. ಮೀಮ್ ಬೇಡ ಅನ್ನಲ್ಲ, ನಾನೂ ನಕ್ಕಿದ್ದೇನೆ. ಆದರೆ ಲೈಕ್ ಎಣಿಸುವುದು ಸುಲಭ, ಬಗೆಹರಿದ ದೂರು ಎಣಿಸುವುದು ಕಷ್ಟ. ಹಾಗಾಗಿ ಮೀಟಿಂಗಿನಲ್ಲಿ ಲೈಕಿನ ಲೆಕ್ಕವೇ ಮುಂದೆ ಬರುತ್ತದೆ.

ಇಲ್ಲಿ ಒಂದು ಸ್ವಂತ ಕಥೆ. ನಮ್ಮ ರಸ್ತೆಯ ಬೀದಿದೀಪ ಕೆಟ್ಟಿತ್ತು. ಒಂದು ಕಚೇರಿಯ ಖಾತೆಗೆ ಫೋಟೊ ಸಮೇತ ಕನ್ನಡದಲ್ಲಿ ಬರೆದೆ. ಹತ್ತು ನಿಮಿಷಕ್ಕೆ ಉತ್ತರ ಬಂತು, ಇಂಗ್ಲಿಷಿನಲ್ಲಿ. ನನಗೆ ಓದೋಕೆ ಬರುತ್ತೆ ಬಿಡಿ, ಪಕ್ಕದ ಮನೆಯ ಅಜ್ಜಿ ಬರೆದಿದ್ದರೆ? ಮೂರನೇ ದಿನ "ಪರಿಹರಿಸಲಾಗಿದೆ" ಎಂದು ಮತ್ತೊಂದು ಸಂದೇಶ. ಹೊರಗೆ ಬಂದು ನೋಡಿದೆ. ಕತ್ತಲೇ ಇತ್ತು. ಉತ್ತರ ಬರೆಯುವ ಹುಡುಗ ಎಲ್ಲೋ ಕಂಪ್ಯೂಟರ್ ಮುಂದೆ ಕೂತಿದ್ದ. ಏಣಿ ಇದ್ದವನಿಗೆ ವಿಷಯವೇ ಗೊತ್ತಿರಲಿಲ್ಲ.

ನಮಗೆ ಇದರ ಮದ್ದು ಗೊತ್ತಿಲ್ಲ ಎಂದೇನಲ್ಲ. ಸಕಾಲ ಕಾಯ್ದೆ ಮಾಡಿದ ರಾಜ್ಯ ನಮ್ಮದು. 2011ರ ಕಾಯ್ದೆ, ಜಾರಿಗೆ ಬಂದದ್ದು 2012ರಲ್ಲಿ. ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೆ 15 ಅಂಕಿಯ ಒಂದು ಸಂಖ್ಯೆ ಕೈಗೆ ಬರುತ್ತದೆ. ಇಷ್ಟು ದಿನದೊಳಗೆ ಕೊಡಬೇಕು ಎಂಬ ಗಡುವಿದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ, ಅದೂ ತಪ್ಪಿತಸ್ಥ ನೌಕರರ ಜೇಬಿನಿಂದ. ಮೊತ್ತ ಚಿಕ್ಕದು, ನಿಜ. ಆದರೆ ಅರ್ಜಿಗೊಂದು ನಂಬರು, ಕೆಲಸಕ್ಕೊಂದು ದಿನ, ಅದಕ್ಕೊಬ್ಬ ಹೊಣೆಗಾರ. ಫೇಸ್‌ಬುಕ್ಕಿನಲ್ಲಿ ಬಂದ ದೂರಿಗೂ ಈ ಮೂರನ್ನು ಕೊಡಿ. ಕೊಡೋಕೆ ಆಗದಿದ್ದರೆ ಪುಟದ ಮೇಲೆಯೇ "ಇಲ್ಲಿ ದೂರು ತೆಗೆದುಕೊಳ್ಳುವುದಿಲ್ಲ, ಸರ್ಕಾರದ ಸಹಾಯವಾಣಿ 1902ಕ್ಕೆ ಕರೆ ಮಾಡಿ" ಎಂದು ದಪ್ಪ ಅಕ್ಷರದಲ್ಲಿ ಹಾಕಿ. ಜನರ ಸಮಯವಾದರೂ ಉಳಿಯುತ್ತದೆ.

ಒಂದೆರಡು ಸಣ್ಣ ವಿಷಯ ಬೇಗ ಹೇಳಿಬಿಡುತ್ತೇನೆ. ಖಾತೆ ಹುದ್ದೆಯ ಹೆಸರಿನಲ್ಲಿರಲಿ, ಸಾಹೇಬರ ಹೆಸರಿನಲ್ಲಿ ಬೇಡ. ಅವರಿಗೆ ವರ್ಗವಾದರೆ ಖಾತೆಯೂ ಗಂಟು ಮೂಟೆ ಕಟ್ಟುತ್ತದೆ. ಜನ ಆಧಾರ್ ಕಾರ್ಡಿನ ಫೋಟೊ ಎಲ್ಲರಿಗೂ ಕಾಣುವಂತೆ ಹಾಕಿದರೆ ಮೊದಲು ಅದನ್ನು ತೆಗೆಸಿ.

ಗಾಳಿಮಾತಿನ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. 2012ರ ಆಗಸ್ಟ್ ನೆನಪಿದೆಯಾ? ಈಶಾನ್ಯ ರಾಜ್ಯಗಳ ಸಾವಿರಾರು ಜನ ಹೆದರಿಕೊಂಡು ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. ಓಡಿಸಿದ್ದು ಮೊಬೈಲ್ ಸಂದೇಶಗಳ ವದಂತಿ. ಕೇಂದ್ರ ಸರ್ಕಾರ ದಿನಕ್ಕೆ 5 ಎಸ್ಸೆಮ್ಮೆಸ್ ಎಂದು ಮಿತಿ ಹಾಕಿತು. 2018ರಲ್ಲಿ ಮಕ್ಕಳ ಕಳ್ಳರ ವದಂತಿ ವಾಟ್ಸಾಪಿನಲ್ಲಿ ಹರಿದು ಬೀದರ್ ಜಿಲ್ಲೆಯಲ್ಲಿ, ಬೆಂಗಳೂರಲ್ಲಿ ಜೀವಗಳು ಹೋದವು. ಅಂಥ ದಿನ ಜನ ಯಾರ ಮಾತು ನಂಬುತ್ತಾರೆ? ನಿನ್ನೆ ಮೊನ್ನೆ ನೀರಿನ ಬಗ್ಗೆ, ಕರೆಂಟಿನ ಬಗ್ಗೆ ನಿಜ ಹೇಳಿದವರ ಮಾತನ್ನು. ವರ್ಷವೆಲ್ಲ ಹಾರ ತುರಾಯಿ ಹಾಕಿದ ಪುಟ ಆ ರಾತ್ರಿ "ವದಂತಿ ನಂಬಬೇಡಿ" ಅಂದರೆ ಯಾರು ತಿರುಗಿ ನೋಡುತ್ತಾರೆ ಹೇಳಿ.

ಕೊನೆಯದಾಗಿ ನಾನು ನೋಡಿದ ಒಂದು ಹಳ್ಳಿ. ಅಲ್ಲಿ ಟ್ವಿಟರ್ ಇಲ್ಲ, ಒಂದು ವಾಟ್ಸಾಪ್ ಗ್ರೂಪ್ ಇದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಇದ್ದಾರೆ, ಸದಸ್ಯರಿದ್ದಾರೆ, ಮುಖ್ಯವಾಗಿ ಊರಿಗೆ ನೀರು ಬಿಡುವ ನೀರುಗಂಟಿ ಇದ್ದಾರೆ. ಅವರು ಟೈಪ್ ಮಾಡಲ್ಲ. ಬೆಳಗ್ಗೆ ಆರಕ್ಕೆ ಒಂದು ಧ್ವನಿ ಸಂದೇಶ ಬಿಡುತ್ತಾರೆ: "ಮೋಟರ್ ಸುಟ್ಟಿದೆ, ಇವತ್ತು ಕೆಳಗಿನ ಕೇರಿಗೆ ನೀರು ಬರಲ್ಲ, ನಾಳೆ ಮಧ್ಯಾಹ್ನ ಬಿಡ್ತೀನಿ." ಬೈಗುಳವೂ ಬರುತ್ತದೆ. ಫೋನಿಲ್ಲದ ಮನೆಗಳಿಗೆ ಸುದ್ದಿಯನ್ನು ಪಕ್ಕದ ಮನೆಯವರೇ ಮುಟ್ಟಿಸುತ್ತಾರೆ. ಆದರೆ ಕೊಡ ಹಿಡಿದು ಸುಮ್ನೆ ನಲ್ಲಿ ಮುಂದೆ ಯಾರೂ ಕಾಯುವುದಿಲ್ಲ.

ನನ್ನ ಮಾತು ಮುಗಿಯಿತು. ಮೈಕನ್ನು ಹಿಂದಿನ ಸಾಲಿಗೆ ಕೊಡಿ. ಪ್ರಶ್ನೆ ಕೇಳುವ ಮೊದಲು ಪ್ರತಿಯೊಬ್ಬರೂ ಒಂದು ಹೇಳಬೇಕು: ನಿಮ್ಮ ಊರಿನ ಗ್ರೂಪಿನಲ್ಲಿ ನೀರುಗಂಟಿ ಇದ್ದಾರಾ?