ಡಬ್ಬಿಯ ಮುಚ್ಚಳ ತೆಗೆಯಲು 413 ರೂಪಾಯಿ

ನಮಸ್ಕಾರ, ಮುಂಬೈ ಬಳಿಯ ಡೊಂಬಿವಲಿಯಿಂದ ಮಾತನಾಡುತ್ತಿದ್ದೇನೆ. ಈ ವಾರ ವೈಪರ್ ಬಗ್ಗೆ ಎಂದು ಹೇಳಿದ್ದೆ. ವೈಪರ್ ಕಾಯಲಿ. ಹಿಂದಿನ ವಿಡಿಯೊದ ಕೆಳಗೆ ಒಬ್ಬ ಮಹಾನುಭಾವರು ಬರೆದಿದ್ದಾರೆ: "ಲಕ್ಷಗಟ್ಟಲೆ ಕೊಟ್ಟು ಕಾರು ಕೊಂಡವರು ಒಂದು ಎಸಿ ಫಿಲ್ಟರಿಗೆ ಚಿಲ್ಲರೆ ಎಣಿಸುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ?"

ಆಗುವುದಿಲ್ಲ ಮಾರಾಯರೇ. ಲಕ್ಷಗಟ್ಟಲೆ ಕೊಟ್ಟ ಮೇಲೆ ಉಳಿದಿರುವುದೇ ಚಿಲ್ಲರೆ.

ಆದದ್ದು ಇಷ್ಟು. ಕಳೆದ ವರ್ಷ ಕಾರನ್ನು ಸರ್ವಿಸ್‌ಗೆ ಬಿಟ್ಟಾಗ ಬಿಲ್ಲಿನಲ್ಲಿ ಎಸಿ ಫಿಲ್ಟರಿಗೆ, ಅಂದರೆ ಕಾರಿನೊಳಗೆ ಬರುವ ಗಾಳಿಯ ಧೂಳು ಸೋಸುವ ಹಾಳೆಗೆ, 780 ರೂಪಾಯಿ. ಸರಿ, ವಸ್ತು ಕೊಟ್ಟಿದ್ದಾರೆ. ಅದರ ಕೆಳಗಿನ ಸಾಲು: ಅಳವಡಿಕೆ 350, ಶೇಕಡಾ 18 ಜಿಎಸ್‌ಟಿ ಸೇರಿ 413. ಆ ಅಳವಡಿಕೆಯನ್ನು ನಾನು ಗಾಜಿನಾಚೆಯಿಂದ ಕಣ್ಣಾರೆ ನೋಡಿದ್ದೇನೆ. ಹುಡುಗ ಬಂದ, ಗ್ಲೋವ್ ಬಾಕ್ಸ್ (ಮುಂದಿನ ಸೀಟಿನ ಎದುರಿನ ಪೆಟ್ಟಿಗೆ) ಇಳಿಸಿದ, ಹಳೆಯದನ್ನು ಎಳೆದ, ಹೊಸದನ್ನು ತೂರಿಸಿದ, ಹೋದ. ಅವರೇ ಕೊಟ್ಟ ಚಹಾ ನನ್ನ ಲೋಟದಲ್ಲಿ ಅರ್ಧವೂ ಇಳಿದಿರಲಿಲ್ಲ. ಡಬ್ಬಿಯ ಮುಚ್ಚಳ ತೆಗೆಯಲು ಬರುವವರಿಗೆ ಎಸಿ ಫಿಲ್ಟರ್ ಬದಲಿಸಲು ಬರುತ್ತದೆ. ನಾನು ಹೇಳುವುದು ಇದೊಂದೇ.

ಈ ಸಲ ನಾನೇ ಕೈಹಾಕಿದೆ. ನನ್ನದು ಸಾಧಾರಣ ಹ್ಯಾಚ್‌ಬ್ಯಾಕ್. ಗ್ಲೋವ್ ಬಾಕ್ಸ್ ಖಾಲಿ ಮಾಡಿ (ಎರಡು ವರ್ಷದ ಹಿಂದಿನ ಟೋಲ್ ಚೀಟಿಗಳು, ಕಟೀಲಿನ ಪ್ರಸಾದದ ಪೊಟ್ಟಣ, ಮಗಳ ಒಂಟಿ ಕಾಲುಚೀಲ), ಎರಡೂ ಬದಿಯ ಗೋಡೆಗಳನ್ನು ಒಳಕ್ಕೆ ಒತ್ತಿದರೆ ಅದು ತಾನಾಗಿ ಕೆಳಗೆ ಜೋತುಬೀಳುತ್ತದೆ. ಹಿಂದೆ ಒಂದು ಉದ್ದನೆಯ ಪ್ಲಾಸ್ಟಿಕ್ ಮುಚ್ಚಳ. ಅದರ ಎರಡು ಕ್ಲಿಪ್ ಒತ್ತಿದರೆ ಫಿಲ್ಟರ್ ಕೈಗೆ ಬರುತ್ತದೆ. ಬಂತು ನೋಡಿ, ಕಪ್ಪಗೆ, ಕಾವಲಿಯ ತಳದ ಹಾಗೆ! ಮಡಿಕೆಗಳ ನಡುವೆ ಅರಳಿ ಮರದ ಒಣ ಎಲೆ, ಸತ್ತ ಸೊಳ್ಳೆಗಳು, ಪಾರಿವಾಳದ ಅರ್ಧ ಗರಿ. ಮೆಟ್ರೊ ಕಾಮಗಾರಿಯ ಧೂಳಂತೂ ಮಡಿಕೆಯೇ ಕಾಣದಂತೆ ತುಂಬಿತ್ತು. ಬ್ಲೋವರ್ ನಾಲ್ಕಕ್ಕಿಟ್ಟರೆ ಸದ್ದು ಮಾತ್ರ ಬಂದು ಗಾಳಿ ಏಕೆ ಬರುತ್ತಿರಲಿಲ್ಲ, ಮಳೆಯಲ್ಲಿ ಮುಂದಿನ ಗಾಜಿನ ಮಂಜು ಏಕೆ ಬೇಗ ಬಿಡುತ್ತಿರಲಿಲ್ಲ, ಒದ್ದೆ ಗೋಣಿಚೀಲದ ವಾಸನೆ ಎಲ್ಲಿಂದ ಎಂಬುದೆಲ್ಲ ಆಗ ತಿಳಿಯಿತು. ಆ ವಾಸನೆಗೆ ನಾನು ನಾಲ್ಕು ಸುಗಂಧದ ಡಬ್ಬಿ ತಂದು ತೂಗುಹಾಕಿದ್ದೆ. ಅದರ ದುಡ್ಡು ಈ ಲೆಕ್ಕದಲ್ಲಿ ಸೇರಿಲ್ಲ, ಕೇಳಬೇಡಿ.

ಹಳೆಯದನ್ನು ಚೀಲಕ್ಕೆ ಹಾಕಿಕೊಂಡು ಲೋಕಲ್ ಹತ್ತಿ ಕುರ್ಲಾಕ್ಕೆ ಹೋದೆ. ಮಾದರಿಯ ಹೆಸರು, ವರ್ಷ ಹೇಳಿದರೂ ಅಳತೆ ತಪ್ಪುವುದುಂಟು. ಹಳೆಯದು ಕೈಯಲ್ಲಿದ್ದರೆ ಪಕ್ಕದಲ್ಲಿಟ್ಟು ಉದ್ದ, ಅಗಲ, ದಪ್ಪ ನೋಡಬಹುದು. ಚೀಲದ ಬಾಯಿ ತುಸು ತೆರೆದಿತ್ತು. ಪಕ್ಕದವರು ಎದ್ದು ಬಾಗಿಲ ಬಳಿ ಹೋಗಿ ನಿಂತರು. ಸೆಂಟ್ರಲ್ ಲೈನಿನಲ್ಲಿ ನನಗೆ ಅಷ್ಟು ಜಾಗ ಹಿಂದೆಂದೂ ಸಿಕ್ಕಿರಲಿಲ್ಲ. ಕುರ್ಲಾದ ಸಿಎಸ್‌ಟಿ ರಸ್ತೆಯ ಬಿಡಿಭಾಗದ ಅಂಗಡಿಯವರು ಕೇಳಿದ ಮೊದಲ ಪ್ರಶ್ನೆ: ಎಂಜಿನ್ನಿನದೋ, ಎಸಿಯದೋ? ಎರಡೂ ಬೇರೆ, ಗೊಂದಲ ಮಾಡಿಕೊಳ್ಳಬೇಡಿ. ಸಾದಾ 240 ರೂಪಾಯಿ, ವಾಸನೆ ಹೀರುವ ಕಾರ್ಬನ್‌ನದು 390. ನಾನು ಸಾದಾ ತಂದೆ. ಬದಿಯಲ್ಲಿ ಬಾಣದ ಗುರುತಿರುತ್ತದೆ, ಅದು ಗಾಳಿ ಸಾಗುವ ದಿಕ್ಕು. ಮೊದಲ ಸಲ ಉಲ್ಟಾ ಹಾಕಿದೆ, ಒಪ್ಪಿಕೊಳ್ಳುತ್ತೇನೆ. ಮತ್ತೆ ತೆಗೆದು ಹಾಕಿದೆ. ಉಲ್ಟಾಪಲ್ಟಾ ಎಲ್ಲ ಸೇರಿ ಒಂಬತ್ತು ನಿಮಿಷ. ಡಬ್ಬಿಯ ಮುಚ್ಚಳ!

ಇನ್ನು ಆಕ್ಷೇಪಗಳು. "ವಾರಂಟಿ ಹೋಗುತ್ತದೆ." ಎಂಜಿನ್ ಇರುವುದು ಬಾನೆಟ್ಟಿನ ಕೆಳಗೆ ಸ್ವಾಮಿ, ನಾನು ಕೈಹಾಕಿದ್ದು ಕಾಲುಚೀಲ ಇಡುವ ಪೆಟ್ಟಿಗೆಗೆ. "ತೊಳೆದು ಮತ್ತೆ ಹಾಕಬಹುದಲ್ಲ?" ತೊಳೆದು ಹಾಕಲು ಅದೇನು ಮಾಟುಂಗದ ಹೋಟೆಲಿನ ಕಾಫಿ ಫಿಲ್ಟರೇ? ನೀರು ಬಿದ್ದರೆ ಆ ನೂಲಿನ ಹಾಳೆ ಧೂಳು ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. "ಫಿಲ್ಟರೇ ಬೇಡ, ತೆಗೆದುಬಿಟ್ಟರೆ ಗಾಳಿ ಜೋರಾಗಿ ಬರುತ್ತದೆ." ಬರುತ್ತದೆ, ಜೊತೆಗೆ ಧೂಳೂ ಬಂದು ಕೂಲಿಂಗ್ ಕಾಯಿಲ್ ಮೇಲೆ ಕೆಸರು ಕಟ್ಟುತ್ತದೆ. ಆಗ ಬರುವ ಬಿಲ್ಲನ್ನು ದಯವಿಟ್ಟು ನನಗೂ ಕಳಿಸಿ, ಚೌಕಟ್ಟು ಹಾಕಿಸುತ್ತೇನೆ. "ನನ್ನ ಕಾರಿನಲ್ಲಿ ಸ್ಕ್ರೂ ಬಿಚ್ಚಬೇಕು." ಬಿಚ್ಚಿ! ಕೈ ಇದೆಯಲ್ಲ!

ನನ್ನ ಭಾವನೂ ಹೀಗೆಯೇ. ವಾಶಿ ಮಾರುಕಟ್ಟೆಯಲ್ಲಿ ಒಂದು ಡಜನ್ ಆಪೂಸಿಗೆ ಅರ್ಧ ಗಂಟೆ ಚೌಕಾಸಿ ಮಾಡುವ ಮನುಷ್ಯ, ಈ 413ಕ್ಕೆ ಮಾತ್ರ ಬಾಯಿ ಬಿಡದೆ ಕಾರ್ಡ್ ಉಜ್ಜುತ್ತಾನೆ. ಕೇಳಿದರೆ "ಅವರಿಗೆ ಗೊತ್ತಿರುತ್ತದೆ" ಎನ್ನುತ್ತಾನೆ. ಏನು ಗೊತ್ತಿರುತ್ತದೆ ಭಾವ? ಮುಚ್ಚಳ ತೆಗೆಯುವುದೇ? ಅತ್ತಿಗೆ ದಿನಕ್ಕೆ ಇಪ್ಪತ್ತು ಸಲ ತೆಗೆಯುತ್ತಾರೆ, ಒಂದು ಬಿಲ್ಲಾದರೂ ಕೊಟ್ಟಿದ್ದಾರೆಯೇ? ಮುಚ್ಚಳ, ಮುಚ್ಚಳ, ಬರೀ ಮುಚ್ಚಳ!

ಇರಲಿ, ಬಿಪಿ ಮಾತ್ರೆಯ ಹೊತ್ತಾಯಿತು. ಚಂದಾದಾರರಾಗಿ, ಗಂಟೆ ಒತ್ತಿ. ಭಾವನಿಗೂ ಕಳಿಸಿ, ನಾನು ಕಳಿಸಿದರೆ ಅವನು ನೋಡುವುದಿಲ್ಲ. ಡಬ್ಬಿ ಎಂದಾಗ ನೆನಪಾಯಿತು: ನನ್ನ ಹೆಂಡತಿ ಮಾಡುವ ಕುಂದಾಪುರದ ಮಸಾಲೆ ಪುಡಿಯ ಕೊಂಡಿ ಕೆಳಗಿದೆ. ಅರ್ಧ ಕಿಲೋ ಮುಗಿದಿದೆ, ಕಾಲು ಕಿಲೋದ್ದು ಹನ್ನೆರಡು ಡಬ್ಬಿ ಇವೆ. ಮುಚ್ಚಳ ಸ್ವಲ್ಪ ಬಿಗಿ.